ಕಾರಿನ ಹಾಡಿನೊಳಗೆ ಎಂಜಿನ್ನಿನ ದನಿ

ಮೋಟಾರು ಕಾರಿನಲ್ಲಿ ಹಾಡು ಕೇಳುವ ಹವ್ಯಾಸವುಳ್ಳವರಿಗೆ ಒಂದು ಉಪದ್ರವವು ಚಿರಪರಿಚಿತವಾದುದು. ವಾಹನವು ಮನೆಯ ಮುಂದೆ ಸುಮ್ಮನೆ ನಿಂತಿರುವಾಗ ಸೆಟ್ಟಿನಿಂದ ಹೊರಡುವ ದನಿ ನಿರ್ಮಲವಾಗಿರುತ್ತದೆ. ಎಂಜಿನ್ ಚಾಲನೆಗೊಂಡ ಕ್ಷಣದಿಂದ, ಹಾಡಿನ ಹಿಂದೆ ಎಲ್ಲಿಯೋ ಜೀರುಂಡೆಯೊಂದು ಕುಳಿತಂತೆ, ಸಣ್ಣನೆಯ ಸಿಳ್ಳುದನಿಯೊಂದು ಆರಂಭವಾಗುತ್ತದೆ. ಆಕ್ಸಿಲರೇಟರನ್ನು ತುಳಿದಂತೆಲ್ಲ ಆ ದನಿ ಮೇಲೇರುತ್ತದೆ. ಕಾಲು ಸಡಿಲಿಸಿದರೆ ಇಳಿಯುತ್ತದೆ. ಹಾಡು ತಾರಸ್ಥಾಯಿಯಲ್ಲಿರುವಾಗ ಅದು ಮರೆಯಾಗಬಹುದು. ಆದರೆ ತಂಬೂರಿಯ ಶ್ರುತಿಯೊಂದೇ ಉಳಿಯುವ ಸಂದರ್ಭದಲ್ಲಿ ಅದನ್ನು ಸಹಿಸುವುದು ಕಷ್ಟ.

ಮಾಲೀಕರು ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು ಒಂದು ಫಿಲ್ಟರನ್ನು ಜೋಡಿಸಿಕೊಡುತ್ತಾರೆ. ದನಿ ಕೊಂಚ ತಗ್ಗುತ್ತದೆ, ಇಲ್ಲವೆ ತಗ್ಗುವುದಿಲ್ಲ. ಮುಂದೆ ಸೆಟ್ಟನ್ನೇ ಬದಲಿಸುವ ಸಲಹೆ ಬರುತ್ತದೆ. ಹೊಸ ಸೆಟ್ಟಿನಲ್ಲಿಯೂ ಜೀರುಂಡೆ ಹಾಗೆಯೇ ಹಾಡುತ್ತಿರುತ್ತದೆ! ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಏಕೆಂದರೆ ದೋಷವು ಸೆಟ್ಟಿನಲ್ಲಿರುವುದು ಅಪರೂಪ. ಬಹುತೇಕ ಸಂದರ್ಭಗಳಲ್ಲಿ ಅದು ವಾಹನದ ವಿದ್ಯುತ್ತು ಹಿಂದಿರುಗುವ ದಾರಿಯಲ್ಲಿರುತ್ತದೆ. ಅಷ್ಟೇ ಅಲ್ಲ, ಕೆಲವೊಮ್ಮೆ ಈ ದನಿಯು ವಾಹನದ ವಿದ್ಯುದ್ವ್ಯವಸ್ಥೆಯು ಕೆಡುತ್ತಿರುವುದರ ಮೊದಲನೆಯ ಸುದ್ದಿಯೂ ಆಗಿರುತ್ತದೆ. ಆದಕಾರಣ ಅದನ್ನು ಅಡಗಿಸುವುದಕ್ಕೆ ಮುನ್ನ ಅರಿಯುವುದು ಲೇಸು. ಅದನ್ನು ಅರಿಯುವುದಕ್ಕೆ ಬೇಕಾದ ಭೌತಶಾಸ್ತ್ರವು ಪ್ರೌಢಶಾಲೆಯ ಪಠ್ಯದಲ್ಲಿಯೇ ಇದೆ. ವಿಜ್ಞಾನ ಬೋಧಿಸುವ ಅಧ್ಯಾಪಕರಿಗೆ ಇದೊಂದು ಒಳ್ಳೆಯ ಪಾಠವಸ್ತುವೂ ಆದೀತೆಂಬ ಭಾವನೆಯಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ.

ಈ ತೊಂದರೆಯ ವಯಸ್ಸು ಕಾರಿನ ರೇಡಿಯೋದ ವಯಸ್ಸಿನಷ್ಟೇ. ಅಮೆರಿಕದ ಷಿಕಾಗೋ ನಗರದಲ್ಲಿ ಪಾಲ್ ಗ್ಯಾಲ್ವಿನ್ ಮತ್ತು ಆತನ ಸಹೋದರ ಜೋಸೆಫ್ ನಡೆಸುತ್ತಿದ್ದ ಕಂಪನಿಯು 1930ರಲ್ಲಿ ‘ಮೋಟೊರೋಲಾ’ ಎಂಬ ಹೆಸರಿನ ಕಾರ್ ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. ನಮ್ಮ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸುವುದಕ್ಕೆ ಐದು ವರ್ಷ ಮೊದಲಿನ ಮಾತು ಇದು. ಆ ಕಾಲದ ತಂತ್ರಜ್ಞರನ್ನು ಹೆಚ್ಚು ಕಾಡಿದ ಸಮಸ್ಯೆಗಳಲ್ಲಿ ಎಂಜಿನ್ನಿನ ಕಿಡಿಯಿಂದ ಹುಟ್ಟುವ ಗದ್ದಲವೂ ಒಂದು.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸುವುದು ಸ್ಪಾರ್ಕ್ ಪ್ಲಗ್ಗಿನ ಕಿಡಿ. ಆ ಕಿಡಿಗಾಗಿ ಹತ್ತಾರು ಸಾವಿರ ವೋಲ್ಟುಗಳ ವಿಭವಾಂತರ ಬೇಕಾಗುತ್ತದೆ. ನಾಲ್ಕು ಸಿಲಿಂಡರಿನ ಸಾಮಾನ್ಯ ಎಂಜಿನ್ನು ಒಂದು ಸುತ್ತಿಗೆ ಎರಡು ಬಾರಿ ಉರಿಯುವುದರಿಂದ, ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಸೆಕೆಂಡಿಗೆ ನೂರು ಕಿಡಿಗಳಾದವು. ಪ್ರತಿಯೊಂದು ಕಿಡಿಯೂ ಒಂದು ಪುಟ್ಟ ರೇಡಿಯೋ ಪ್ರಸಾರ ಕೇಂದ್ರವೇ ಸರಿ. ಅದರ ಅಲೆಗಳು ಏರಿಯಲ್ಲಿನ ಮೂಲಕ ಒಳನುಗ್ಗಿ ಚಟಚಟ ಸದ್ದಾಗಿ ಕೇಳಿಸುತ್ತವೆ. ಇದಕ್ಕೆ ಪರಿಹಾರ ಬಹಳ ಹಿಂದೆಯೇ ದೊರೆತಿದೆ. ಪ್ಲಗ್ಗಿನೊಳಗೆ ಕೆಲವು ಸಾವಿರ ಓಮುಗಳ ರೋಧವನ್ನು ಅಡಗಿಸಿಟ್ಟರೆ ಕಿಡಿಯ ಕೆಲಸ ಕೆಡದೆ ಅಲೆಗಳ ಉಗ್ರತೆ ತಗ್ಗುತ್ತದೆ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಎಫ್.ಎಂ. ಪದ್ಧತಿಯಲ್ಲಂತೂ ಈ ಬಗೆಯ ಗದ್ದಲಕ್ಕೆ ಅಷ್ಟಾಗಿ ಎಡೆಯಿಲ್ಲ. ಇಂದಿನ ಕಾರಿನಲ್ಲಿ ಚಟಚಟ ಸದ್ದು ಕೇಳಿಬಂದರೆ ಪ್ಲಗ್ಗನ್ನೋ ಅದರ ತಂತಿಯನ್ನೋ ಯಾರೋ ಅಗ್ಗದ ಮಾಲಿನಿಂದ ಬದಲಿಸಿದ್ದಾರೆಂದು ಸಂಶಯಪಡಬಹುದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲವಾದ್ದರಿಂದ ಈ ಪ್ರಶ್ನೆಯೇ ಹುಟ್ಟದು.

ಮೊದಲು ಹೇಳಿದ ಜೀರುಂಡೆಯ ದನಿಯಾದರೋ ಬೇರೆ. ಅದರ ತವರು ಆಲ್ಟರ್ನೇಟರ್, ಎಂದರೆ ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತ ಬ್ಯಾಟರಿಯನ್ನು ತುಂಬಿಸುವ ಯಂತ್ರ. ಹಳೆಯ ಅಂಬಾಸಡರ್ ಕಾರುಗಳಲ್ಲಿ ಈ ಕೆಲಸಕ್ಕೆ ಡೈನಮೊ ಇತ್ತು. ಈಗ ಎಲ್ಲೆಡೆಯೂ ಆಲ್ಟರ್ನೇಟರೇ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ತತ್ತ್ವ. ಒಳಗೆ ಹುಟ್ಟುವುದು ಮೂರು ಹಂತಗಳ ಪರ್ಯಾಯ ವಿದ್ಯುತ್ತು; ಬ್ಯಾಟರಿಗೆ ಬೇಕಾದುದು ನೇರ ವಿದ್ಯುತ್ತು. ನಡುವೆ ಕನಿಷ್ಠ ಆರು ಡಯೋಡುಗಳು ನಿಂತು ಒಂದೇ ದಿಕ್ಕಿನ ಪ್ರವಾಹವನ್ನು ಮಾತ್ರ ಹೊರಬಿಡುತ್ತವೆ. ಆದರೆ ಹಾಗೆ ಹೊರಬಂದ ಪ್ರವಾಹವು ಕೆರೆಯ ನೀರಿನಂತೆ ಸಮತಟ್ಟಾಗಿರುವುದಿಲ್ಲ. ಅದರ ಮೇಲೆ ಸಣ್ಣ ಸಣ್ಣ ತೆರೆಗಳಿರುತ್ತವೆ.

ಆ ತೆರೆಗಳನ್ನು ಎಣಿಸಿ ನೋಡಿದರೆ ಸಿಳ್ಳಿನ ರಹಸ್ಯ ಬಯಲಾಗುತ್ತದೆ. ಹನ್ನೆರಡು ಧ್ರುವಗಳುಳ್ಳ, ಎಂದರೆ ಆರು ಜೋಡಿ ಧ್ರುವಗಳ, ರೋಟರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪ್ರತಿಯೊಂದು ಜೋಡಿಯೂ ಆರು ತೆರೆಗಳನ್ನು ಕೊಡುವುದರಿಂದ ಒಂದು ಸುತ್ತಿಗೆ 36 ತೆರೆಗಳು. ಎಂಜಿನ್ನು ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದು, ಪುಲ್ಲಿಯ ಅನುಪಾತ ಎರಡೂವರೆ ಆದರೆ, ರೋಟರು 2000 ಸುತ್ತು ತಿರುಗುತ್ತದೆ. ಸೆಕೆಂಡಿಗೆ ಲೆಕ್ಕ ಹಾಕಿದರೆ ಸುಮಾರು 1200 ತೆರೆಗಳು. ಎಂಜಿನ್ನು 2400 ಸುತ್ತಿಗೆ ಏರಿದಾಗ ಅದು 3600 ಆಗುತ್ತದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು ಸೆಕೆಂಡಿಗೆ ಎರಡು ಸಾವಿರದಿಂದ ಐದು ಸಾವಿರ ಕಂಪನಗಳವರೆಗಿನ ದನಿಗೆ. ದಾರಿಯಲ್ಲಿ ಹೋಗುವಾಗಿನ ಸಾಧಾರಣ ವೇಗದಲ್ಲಿಯೇ ಈ ತೆರೆಗಳು ಆ ಮೇರೆಯೊಳಗೆ ಬಂದು ಬೀಳುತ್ತವೆ. ಆದುದರಿಂದಲೇ ಇಷ್ಟು ಅಲ್ಪವಾದ ದನಿಯು ಇಷ್ಟು ದೊಡ್ಡ ಕಿರಿಕಿರಿಯಾಗುವುದು.

ಎಲ್ಲ ಕಾರುಗಳಲ್ಲಿಯೂ ಆಲ್ಟರ್ನೇಟರ್ ಇದೆ, ಎಲ್ಲವುಗಳಲ್ಲಿಯೂ ತೆರೆಗಳಿವೆ. ಹಾಗಿದ್ದರೆ ಎಲ್ಲ ಕಾರುಗಳೂ ಏಕೆ ಸಿಳ್ಳು ಹಾಕುವುದಿಲ್ಲ? ಇದೇ ಮುಖ್ಯವಾದ ಪ್ರಶ್ನೆ. ಆರೋಗ್ಯವಾಗಿರುವ ಬ್ಯಾಟರಿಯು ತೆರೆಗಳನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಸೆಟ್ಟಿನ ಒಳಗಿನ ಏರ್ಪಾಡು ಉಳಿದುದನ್ನು ತಡೆಯುತ್ತದೆ. ಇಷ್ಟಾದರೂ ದನಿ ಒಳಬಂದಿತೆಂದರೆ ಅದಕ್ಕೆ ಯಾವುದೋ ಕಳ್ಳದಾರಿ ಸಿಕ್ಕಿದೆಯೆಂದು ಅರ್ಥ. ಆ ದಾರಿಯು ಸಾಮಾನ್ಯವಾಗಿ, ನಮ್ಮ ಮೆಕ್ಯಾನಿಕ್ಕುಗಳು ‘ಬಾಡಿ ಅರ್ತ್’ ಎನ್ನುವ ವಾಹನದ ಲೋಹದ ಮೈಯೇ ಆಗಿರುತ್ತದೆ.

ಮನೆಯ ದೀಪಕ್ಕೆ ಎರಡು ತಂತಿಗಳಿರುವುದನ್ನು ಎಲ್ಲರೂ ಬಲ್ಲರು. ಕಾರಿನಲ್ಲಿ ಬಹುತೇಕ ಉಪಕರಣಗಳಿಗೆ ಹೋಗುವ ತಂತಿ ಮಾತ್ರ ಉದ್ದವಾದುದು. ಹಿಂದಿರುಗುವ ವಿದ್ಯುತ್ತು ಹತ್ತಿರದ ತಗಡಿಗೆ ಇಳಿದು, ಮೈಯ ಮೂಲಕವೇ ಬ್ಯಾಟರಿಯ ಋಣಧ್ರುವವನ್ನು ಸೇರುತ್ತದೆ. ಹತ್ತಾರು ಗದ್ದೆಗಳ ನೀರು ಒಂದೇ ಬಸಿಗಾಲುವೆಯಲ್ಲಿ ಹರಿದುಹೋಗುವ ಹಾಗೆ. ಕಾಲುವೆ ಚೊಕ್ಕಟವಾಗಿರುವವರೆಗೆ ಯಾರ ಗದ್ದೆಗೂ ತೊಂದರೆಯಿಲ್ಲ. ಒಂದು ಕಡೆ ಹೂಳು ತುಂಬಿತೆನ್ನಿ. ಮೇಲಿನವರ ನೀರು ತಡೆದು, ಮಧ್ಯದವನ ಗದ್ದೆಗೆ ಹಿಂದಕ್ಕೆ ನುಗ್ಗುತ್ತದೆ. ಕಾರಿನಲ್ಲಿ ಹೂಳೆಂದರೆ ತುಕ್ಕು, ಬಣ್ಣದ ಪದರ ಮತ್ತು ಸಡಿಲವಾದ ಬೋಲ್ಟು.

ಇದನ್ನು ಅಂಕಿಗಳಲ್ಲಿಯೇ ನೋಡಬಹುದು. ಒಂದು ಕೀಲಿನಲ್ಲಿ ಕೇವಲ 0.01 ಓಮ್ ರೋಧವಿದೆಯೆಂದು ಭಾವಿಸೋಣ. ಅಗ್ಗದ ಮೀಟರುಗಳಿಗೆ ಅದು ಕಾಣಿಸುವುದೂ ಇಲ್ಲ. ಅದರ ಮೂಲಕ ಹರಿಯುವ ಪ್ರವಾಹದಲ್ಲಿ ಒಂದು ಆಂಪಿಯರಿನಷ್ಟು ತೆರೆಯಿದ್ದರೆ, ಓಮನ ನಿಯಮದಂತೆ ಅಲ್ಲಿ ಹುಟ್ಟುವ ವಿಭವಾಂತರ 0.01 ವೋಲ್ಟ್, ಎಂದರೆ ಹತ್ತು ಮಿಲಿವೋಲ್ಟ್. ಇದು ನಗಣ್ಯವೆಂದು ತೋರಬಹುದು. ಆದರೆ ಸೆಟ್ಟಿನಿಂದ ಆಂಪ್ಲಿಫೈಯರಿಗೆ ಹೋಗುವ ಸಂಗೀತದ ಸಂಕೇತವು ಗರಿಷ್ಠ ಎರಡು ವೋಲ್ಟ್ ಎಂದಿಟ್ಟುಕೊಂಡರೆ, ಹಾಡಿನ ಮೆಲ್ಲನೆಯ ಭಾಗಗಳಲ್ಲಿ ಅದು ಇಪ್ಪತ್ತು ಮಿಲಿವೋಲ್ಟಿಗೂ ಇಳಿಯುತ್ತದೆ. ಇಪ್ಪತ್ತರ ಜೊತೆಗೆ ಹತ್ತು! ಆಂಪ್ಲಿಫೈಯರಿಗೆ ಸಂಗೀತವಾವುದು, ಗದ್ದಲವಾವುದು ಎಂಬ ವಿವೇಚನೆ ಇಲ್ಲ. ಬಂದುದನ್ನೆಲ್ಲ ಹಿಗ್ಗಿಸಿ ಸ್ಪೀಕರಿಗೆ ಒಪ್ಪಿಸುತ್ತದೆ.

ಆಂಪ್ಲಿಫೈಯರನ್ನು ಡಿಕ್ಕಿಯಲ್ಲಿಟ್ಟ ಕಾರುಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಕಾರಣವೂ ಇದೇ. ಸೆಟ್ಟು ಮುಂದೆ ಡ್ಯಾಷ್‌ಬೋರ್ಡಿನಲ್ಲಿ ಒಂದು ಕಡೆ ಅರ್ತ್ ಆಗಿರುತ್ತದೆ. ಆಂಪ್ಲಿಫೈಯರು ಹಿಂದೆ ಇನ್ನೊಂದು ಕಡೆ. ಇವೆರಡನ್ನೂ ಸಂಕೇತ ಒಯ್ಯುವ ಆರ್.ಸಿ.ಎ. ತಂತಿಯ ಹೊರಕವಚವು ಮತ್ತೊಮ್ಮೆ ಜೋಡಿಸುತ್ತದೆ. ಹೀಗೆ ಒಂದು ಬಳೆಯ ಆಕಾರದ ಮಂಡಲ ಪೂರ್ಣವಾಗುತ್ತದೆ. ಎರಡು ಅರ್ತುಗಳ ನಡುವೆ ಸ್ವಲ್ಪ ವಿಭವಾಂತರವಿದ್ದರೂ ಸಾಕು, ಸಂಗೀತಕ್ಕಾಗಿ ಮೀಸಲಾದ ತಂತಿಯಲ್ಲಿ ಆಲ್ಟರ್ನೇಟರಿನ ಪ್ರವಾಹ ಹರಿಯತೊಡಗುತ್ತದೆ. ಗ್ರೌಂಡ್ ಲೂಪ್ ಎಂದು ತಂತ್ರಜ್ಞರು ಕರೆಯುವುದು ಇದನ್ನೇ.

ಇನ್ನು ಪತ್ತೆಹಚ್ಚುವ ಕ್ರಮ. ಒಂದು ಸಾಧಾರಣ ಮಲ್ಟಿಮೀಟರು ಮತ್ತು ಒಂದು ಗಂಟೆಯ ತಾಳ್ಮೆ ಇದಕ್ಕೆ ಸಾಕು. ಮೊತ್ತಮೊದಲು ಎಂಜಿನ್ನನ್ನು ಚಾಲೂ ಇರಿಸಿ ಸೆಟ್ಟಿನ ದನಿಯನ್ನು ಪೂರ್ತಿ ತಗ್ಗಿಸಬೇಕು. ಸಿಳ್ಳೂ ಜೊತೆಯಲ್ಲಿಯೇ ತಗ್ಗಿದರೆ ಅದು ದನಿಯ ಗುಂಡಿಗಿಂತ ಮುಂಚೆಯೇ, ಎಂದರೆ ಮೊಬೈಲು, ಏರಿಯಲ್ ಅಥವಾ ಸೆಟ್ಟಿನ ಮುಂಭಾಗದಿಂದ ಪ್ರವೇಶಿಸಿದೆ. ಸಂಗೀತ ಪೂರ್ತಿ ನಿಂತರೂ ಸಿಳ್ಳು ಹಾಗೆಯೇ ಉಳಿದರೆ ಅದು ಆ ಬಳಿಕ, ಆರ್.ಸಿ.ಎ. ತಂತಿಯಲ್ಲಿ ಅಥವಾ ಆಂಪ್ಲಿಫೈಯರಿನಲ್ಲಿ ಸೇರಿದೆ. ಈ ಒಂದೇ ಪರೀಕ್ಷೆಯಿಂದ ಅರ್ಧ ಕಾರನ್ನು ಬಿಚ್ಚುವ ಶ್ರಮ ಉಳಿಯುತ್ತದೆ. ಇದನ್ನು ಮಾಡದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವವರನ್ನು ಕಂಡರೆ ನನಗೆ ಮರುಕವಾಗುತ್ತದೆ.

ಎರಡನೆಯ ಪ್ರಕಾರದ್ದಾದರೆ ಎಲ್ಲವನ್ನೂ ಆರಿಸಿ, ಆಂಪ್ಲಿಫೈಯರಿನ ತುದಿಯಲ್ಲಿ ಆರ್.ಸಿ.ಎ. ತಂತಿಗಳನ್ನು ಕಿತ್ತು, ಮತ್ತೆ ಹೊತ್ತಿಸಿ ಕೇಳಬೇಕು. ಆರಿಸದೆ ಕೀಳುವುದು, ಚುಚ್ಚುವುದು ಮಾಡಿದರೆ ಕೆಲವು ಸೆಟ್ಟುಗಳ ಒಳಗಿನ ಎಳೆಯಂಥ ಅರ್ತ್ ಸಂಪರ್ಕ ಸುಟ್ಟುಹೋಗಿ, ಇಲ್ಲದ ಗದ್ದಲವೂ ಹುಟ್ಟಿಕೊಳ್ಳುತ್ತದೆ. ತಂತಿ ಕಿತ್ತ ಮೇಲೂ ದನಿಯಿದ್ದರೆ ಆಂಪ್ಲಿಫೈಯರಿನ ಸ್ವಂತ ಅರ್ತಿನ ಮೇಲೆ ಸಂಶಯ. ದನಿ ನಿಂತರೆ, ಚಾರ್ಜರಿಗೆ ಜೋಡಿಸದ ಒಂದು ಮೊಬೈಲನ್ನು ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟು ಹಾಡಿಸಿ ನೋಡುವುದು. ಆಗ ಹಾಡು ಶುದ್ಧವಾಗಿ ಬಂದರೆ ಆಂಪ್ಲಿಫೈಯರು ನಿರಪರಾಧಿ. ಸೆಟ್ಟಿನ ಅರ್ತಿನ ಕಡೆಗೋ ಉದ್ದ ತಂತಿಯ ಕಡೆಗೋ ತಿರುಗಬೇಕು.

ಮೊಬೈಲಿನ ವಿಷಯ ಬಂದುದರಿಂದ ಹೇಳಬೇಕು: ಇತ್ತೀಚಿನ ವರ್ಷಗಳಲ್ಲಿ ಈ ದೂರಿನ ಬಲು ಸರಳವಾದ ಕಾರಣವೆಂದರೆ ಚಾರ್ಜರು. ಮೊಬೈಲು ಒಂದು ತಂತಿಯಿಂದ ಸೆಟ್ಟಿಗೂ ಮತ್ತೊಂದರಿಂದ ಸಿಗರೇಟ್ ಲೈಟರಿನ ಗೂಡಿಗೂ ಸೇರಿಕೊಂಡಾಗ ಮೇಲೆ ಹೇಳಿದ ಬಳೆಯೇ ಚಿಕ್ಕದಾಗಿ ನಿರ್ಮಾಣವಾಗುತ್ತದೆ. ಅಗ್ಗದ ಚಾರ್ಜರಾದರೆ ತನ್ನದೂ ಒಂದಿಷ್ಟು ಗದ್ದಲವನ್ನು ಸೇರಿಸುತ್ತದೆ. ಚಾರ್ಜರನ್ನು ಕಿತ್ತಾಗ ದನಿ ನಿಂತರೆ ರೋಗನಿದಾನ ಮುಗಿದಂತೆ. ಬ್ಲೂಟೂತಿನಲ್ಲಿ ಕೇಳಬಹುದು, ಅಥವಾ ಆಡಿಯೋ ತಂತಿಯ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರಿನ ಐಸೋಲೇಟರನ್ನು ಹಾಕಬಹುದು. ಅದರಲ್ಲಿ ಸಂಕೇತವು ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಂತಿಗೆ ತಂತಿ ತಾಗುವುದಿಲ್ಲ, ಬಳೆ ತುಂಡಾಗುತ್ತದೆ.

ಅರ್ತನ್ನು ಪರೀಕ್ಷಿಸುವ ಬಗೆ ಹೀಗೆ. ಎಂಜಿನ್ ಓಡುತ್ತಿರಲಿ, ಹಾಡು ಜೋರಾಗಿರಲಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಆಂಪ್ಲಿಫೈಯರಿನ ಅರ್ತ್ ತಿರುಪಿಗೂ ಹಿಡಿಯಬೇಕು. ಆದರ್ಶಪ್ರಾಯವಾಗಿ ಸೊನ್ನೆ ತೋರಬೇಕು, 0.1 ವೋಲ್ಟಿನೊಳಗೆ ಇದ್ದರೆ ಒಪ್ಪಬಹುದು. ಅದಕ್ಕೆ ಮೀರಿದರೆ ದಾರಿಯಲ್ಲಿ ಹೂಳಿದೆ. ಆಗ ಕೆಲಸ ತಂತ್ರಜ್ಞನಿಗಿಂತ ಬಡಗಿಯದಕ್ಕೆ ಹತ್ತಿರವಾದುದು: ಬೋಲ್ಟು ಬಿಚ್ಚಿ, ಎಮರಿ ಕಾಗದದಿಂದ ಬಣ್ಣವನ್ನೂ ತುಕ್ಕನ್ನೂ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ದಪ್ಪನೆಯ ಗಿಡ್ಡ ತಂತಿಗೆ ಒತ್ತಿ ಕೂರಿಸಿದ ಲಗ್ಗನ್ನು ಅಲ್ಲಿ ಬಿಗಿಯುವುದು, ಮೇಲೆ ಇಷ್ಟು ವ್ಯಾಸಲೀನ್ ಸವರುವುದು. ಅರ್ತ್ ತಂತಿಯು ಒಂದೂವರೆ ಅಡಿಗಿಂತ ಉದ್ದವಿರದಿದ್ದರೆ ಉತ್ತಮ. ಸೀಟಿನ ಬೋಲ್ಟಿಗೂ ಬೆಲ್ಟಿನ ಬೋಲ್ಟಿಗೂ ಅರ್ತ್ ಕಟ್ಟುವ ಸೋಮಾರಿ ಪದ್ಧತಿಯನ್ನು ಬಿಡಬೇಕು; ಅಲ್ಲಿ ಬಣ್ಣ ಹಾಗೆಯೇ ಇರುತ್ತದೆ, ಮೇಲಾಗಿ ಅವು ಪ್ರಾಣರಕ್ಷಣೆಯ ಬೋಲ್ಟುಗಳು. ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಬೇಕು, ಕೊನೆಯಲ್ಲಿ ಜೋಡಿಸಬೇಕು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೊರಡುವ ಧನ ತಂತಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಇಲ್ಲವಾದರೆ ತಗಡಿಗೆ ಉಜ್ಜಿ ಹೊದಿಕೆ ಹರಿದ ದಿನ ಬೆಂಕಿಯೇ ಗತಿ.

ಎಂಜಿನ್ನಿಗೂ ಮೈಗೂ ನಡುವೆ ಇರುವ ಹೆಣೆದ ತಾಮ್ರದ ಪಟ್ಟಿಯನ್ನು ನೋಡುವುದಂತೂ ಅತ್ಯಗತ್ಯ. ಎಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ ಈ ಪಟ್ಟಿಯೇ ಅದರ ಅರ್ತು. ಅದು ಹಸಿರುಗಟ್ಟಿ ಸವೆದಿದ್ದರೆ ಮೊದಲು ಸಿಳ್ಳು ಕೇಳಿಸುತ್ತದೆ. ಪೂರ್ತಿ ಹರಿದ ಮೇಲೆ ಸ್ಟಾರ್ಟರಿನ ನೂರಾರು ಆಂಪಿಯರ್ ಪ್ರವಾಹವು ಬೇರೆ ದಾರಿ ಕಾಣದೆ ಕ್ಲಚ್ ಅಥವಾ ಆಕ್ಸಿಲರೇಟರಿನ ಉಕ್ಕಿನ ಕೇಬಲಿನ ಮೂಲಕ ನುಗ್ಗಿ ಅದನ್ನು ಕಾಯಿಸಿ ಸುಟ್ಟುಬಿಡಬಲ್ಲುದು. ಫಿಲ್ಟರು ಹಾಕಿ ದನಿಯನ್ನು ಮುಚ್ಚಿದವನಿಗೆ ಈ ಮುನ್ಸೂಚನೆ ದೊರೆಯುವುದಿಲ್ಲ.

ಪವರ್ ತಂತಿಯನ್ನೂ ಸಂಕೇತದ ತಂತಿಯನ್ನೂ ಒಂದೇ ಬದಿಯಲ್ಲಿ ಜೊತೆಯಾಗಿ ಎಳೆಯಬಾರದೆಂಬ ಮಾತು ಪ್ರಸಿದ್ಧವಾಗಿದೆ. ಅದು ನಿಜವೇ. ಆದರೆ ಅದಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಅಪವಾದ ಅಂಟಿಕೊಂಡಿದೆಯೆಂದು ನನ್ನ ಅಭಿಪ್ರಾಯ. ಹೊಸದಾಗಿ ಎಳೆಯುವಾಗ ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಹಾಕಿದರೆ ಖರ್ಚೇನೂ ಇಲ್ಲ. ಇದ್ದುದನ್ನು ಕಿತ್ತು ಮತ್ತೆ ಎಳೆಯುವ ಮೊದಲು ಅರ್ತನ್ನು ನೋಡಿ. ಆಂಪ್ಲಿಫೈಯರಿನ ಗೇನ್ ಗುಂಡಿಯನ್ನು ತುದಿಯವರೆಗೆ ತಿರುಗಿಸಿಟ್ಟು ಸೆಟ್ಟಿನಲ್ಲಿ ದನಿ ತಗ್ಗಿಸಿ ಕೇಳುವ ಅಭ್ಯಾಸವೂ ಗದ್ದಲವನ್ನು ಪೋಷಿಸುತ್ತದೆ. ಇದಕ್ಕೆ ವಿರುದ್ಧವಾಗಿ ಮಾಡುವುದು ಸರಿ. ಎಲ್ಲವೂ ಸರಿಯಾದ ಮೇಲೆ ಇನ್ನೂ ಚೂರು ಉಳಿದರೆ ಆಗ ಫಿಲ್ಟರಿಗೆ ಸ್ಥಾನವುಂಟು.

ಕೊನೆಯ ಸಂಶಯ ಆಲ್ಟರ್ನೇಟರಿನದೇ. ಎಂಜಿನ್ ನಿಂತು ಕೆಲವು ಗಂಟೆಗಳಾದಾಗ ಒಳ್ಳೆಯ ಬ್ಯಾಟರಿಯ ವೋಲ್ಟೇಜು ಸುಮಾರು 12.6, ಓಡುವಾಗ ಸಾಧಾರಣವಾಗಿ 13.8ರಿಂದ 14.4. ಮೀಟರನ್ನು ಪರ್ಯಾಯ ವೋಲ್ಟಿನ ಕಡೆಗೆ ತಿರುಗಿಸಿ, ದೀಪಗಳನ್ನು ಹೊತ್ತಿಸಿ, ಬ್ಯಾಟರಿಯ ಧ್ರುವಗಳಿಗೆ ಹಿಡಿದರೆ ಒಂದು ವೋಲ್ಟಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಕಾಣಬೇಕು. ಅರ್ಧ ವೋಲ್ಟನ್ನು ದಾಟಿದರೆ ಆರು ಡಯೋಡುಗಳಲ್ಲಿ ಯಾವುದೋ ಒಂದು ಕೆಟ್ಟಿದೆಯೆಂದು ತಿಳಿಯಬಹುದು. ಆಗ ತೆರೆಗಳ ಕ್ರಮ ತಪ್ಪಿ, ಸಿಳ್ಳಿನ ಜೊತೆಗೆ ಗುರುಗುಡುವ ತಗ್ಗುದನಿಯೂ ಸೇರುತ್ತದೆ. ಕೆಟ್ಟ ಡಯೋಡು ಒಳಗೇ ಕೂಡಿಕೊಂಡಿದ್ದರೆ ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಹೊರಡದು. ಇಂಥ ಕಾರಿಗೆ ಹೊಸ ಬ್ಯಾಟರಿ ಕೊಂಡವರಿಗೆ ಅದೂ ಬರಿದಾಗುವುದು ನಿಶ್ಚಿತ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿಯನ್ನು ಕಿತ್ತು, “ಗಾಡಿ ನಿಲ್ಲಲಿಲ್ಲ, ಚಾರ್ಜಿಂಗ್ ಸರಿಯಾಗಿದೆ” ಎಂದು ತೀರ್ಮಾನಿಸುವ ಪದ್ಧತಿ ಡೈನಮೊ ಕಾಲದಿಂದ ನಮ್ಮ ಶೆಡ್ಡುಗಳಲ್ಲಿ ಉಳಿದುಬಂದಿದೆ. ಆ ಕಾಲದ ಗಾಡಿಗಳಲ್ಲಿ ಕೆಡುವಂಥ ಎಲೆಕ್ಟ್ರಾನಿಕ್ ಉಪಕರಣ ಹೆಚ್ಚಾಗಿ ಇರಲಿಲ್ಲ. ಈಗ ಹಾಗೆ ಕಿತ್ತರೆ ನುಂಗಿಕೊಳ್ಳುವ ಬ್ಯಾಟರಿಯಿಲ್ಲದೆ ವೋಲ್ಟೇಜು ಕ್ಷಣಮಾತ್ರ ನೂರರ ಸಮೀಪಕ್ಕೂ ಜಿಗಿಯಬಹುದು. ಸೆಟ್ಟು, ಆಂಪ್ಲಿಫೈಯರು ಮಾತ್ರವಲ್ಲದೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರೂ ಅದಕ್ಕೆ ಬಲಿಯಾದೀತು. ಯಾವ ಮೆಕ್ಯಾನಿಕ್ಕು ಮುಂದಾದರೂ ಮಾಲೀಕರು ವಿನಯದಿಂದ, ಆದರೆ ಖಂಡಿತವಾಗಿ, ತಡೆಯಬೇಕು. ಈಚಿನ ಅನೇಕ ಕಾರುಗಳಲ್ಲಿ ಬ್ಯಾಟರಿಯ ಋಣಧ್ರುವದ ಮೇಲೆಯೇ ಪ್ರವಾಹವನ್ನು ಅಳೆಯುವ ಪುಟ್ಟ ಉಪಕರಣವಿರುತ್ತದೆ. ಅಂಥವುಗಳಲ್ಲಿ ಆಂಪ್ಲಿಫೈಯರಿನ ಅರ್ತನ್ನು ನೇರವಾಗಿ ಆ ಧ್ರುವಕ್ಕೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಮೈಯ ಮೇಲೆಯೇ ಕಟ್ಟಬೇಕು.

ಜಾತ್ರೆ, ಉತ್ಸವಗಳಲ್ಲಿ ಮೈಕು ಕಟ್ಟಿಕೊಂಡು ಊರೂರು ತಿರುಗುವ ಪ್ರಚಾರದ ಜೀಪುಗಳವರು ಈ ಸಮಸ್ಯೆಯನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ: ಆಂಪ್ಲಿಫೈಯರಿಗೆ ಪ್ರತ್ಯೇಕ ಬ್ಯಾಟರಿ. ಅದಕ್ಕೂ ವಾಹನದ ಮೈಗೂ ಸಂಬಂಧವೇ ಇರಕೂಡದು. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುವುದು. ಶಾಲೆಯ ಬಸ್ಸಿಗೆ ಮೈಕ್ ಸೆಟ್ಟನ್ನು ದಾನವಾಗಿ ಕೊಡುವ ಮಹನೀಯರು ಜೊತೆಗೊಂದು ಬ್ಯಾಟರಿಯನ್ನೂ ಸೇರಿಸಿದರೆ ಚಾಲಕನಿಗೂ ಕೇಳುಗರಿಗೂ ಉಪಕಾರವಾಗುತ್ತದೆ.

ಎಂಜಿನ್ನೇ ಇಲ್ಲದ ವಿದ್ಯುತ್ ಕಾರುಗಳು ಬಂದ ಮೇಲೆ ಇದೆಲ್ಲ ಮುಗಿಯಿತೆಂದು ಭಾವಿಸುವಂತಿಲ್ಲ. ಅವುಗಳಲ್ಲಿ ಆಲ್ಟರ್ನೇಟರ್ ಇಲ್ಲ. ಆದರೆ ದೀಪ, ಹಾರ್ನು, ಸೆಟ್ಟುಗಳಿಗಾಗಿ 12 ವೋಲ್ಟಿನ ವ್ಯವಸ್ಥೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ದೊಡ್ಡ ಬ್ಯಾಟರಿಯಿಂದ ಅದಕ್ಕೆ ವಿದ್ಯುತ್ತನ್ನು ಇಳಿಸಿಕೊಡುವ ಪರಿವರ್ತಕವೂ, ಮೋಟಾರನ್ನು ನಡೆಸುವ ಇನ್ವರ್ಟರೂ ತಮ್ಮದೇ ಬಗೆಯ ಗದ್ದಲವನ್ನು ಮಾಡಬಲ್ಲವು. ಪತ್ತೆಯ ಕ್ರಮ ಮೇಲೆ ಹೇಳಿದುದೇ. ಆದರೆ ಅದನ್ನು 12 ವೋಲ್ಟಿನ ತಂತಿಗಳಿಗೆ ಮಾತ್ರ ಸೀಮಿತಗೊಳಿಸಬೇಕು. ಕಿತ್ತಳೆ ಬಣ್ಣದ ಹೊದಿಕೆಯುಳ್ಳ ದಪ್ಪ ತಂತಿಗಳಲ್ಲಿ ನೂರಾರು ವೋಲ್ಟುಗಳಿರುತ್ತವೆ; ಅವುಗಳನ್ನು ಮುಟ್ಟುವ ಕೆಲಸ ಅದಕ್ಕಾಗಿಯೇ ತರಬೇತಿ ಪಡೆದವರದು.